ಒಂದು ಚಿರತೆ, ಒಂದು ಸಿಳ್ಳೆ

ಚಿರತೆ ದೊಡ್ಡದೋ ಹಕ್ಕಿ ದೊಡ್ಡದೋ ಎಂದು ಯಾರಾದರೂ ಕೇಳಿದರೆ ವಾಚಕರು ನಕ್ಕುಬಿಟ್ಟಾರು. ನಾನೂ ನಕ್ಕವನೇ. ಆದರೆ ಈ ಪ್ರಶ್ನೆ ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹುಟ್ಟಿ, ಬೆಳೆದು, ಕೊನೆಗೆ ಒಂದು ಕರಾರುಪತ್ರದ ಕಲಮಾಗಿ ಕುಳಿತುಕೊಂಡಿತು. ಆದ್ದರಿಂದ ಬರೆದಿಡುತ್ತಿದ್ದೇನೆ. ನಾನು ಸಾಹಿತಿಯಲ್ಲ, ಸರಕಾರಿ ಕಚೇರಿಯೊಂದರಲ್ಲಿ ಹದಿಮೂರು ವರ್ಷದ ಗುಮಾಸ್ತ. ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದ್ದೆನೆಂಬುದು ಈಗ ನನ್ನ ಸರ್ಟಿಫಿಕೇಟಿಗೆ ಮಾತ್ರ ನೆನಪಿದೆ.

ನಮ್ಮದು ಬೋರಿವಲಿ ಪೂರ್ವದಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಅಡಿಗೆಮನೆಯ ಕಿಟಕಿಯಿಂದ ಕತ್ತು ಹೊರಳಿಸಿ ನೋಡಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹಸುರು ಒಂದು ಗೇಣಿನಷ್ಟು ಕಾಣುತ್ತದೆ. ಆ ಗೇಣಿಗೂ ಸೇರಿಸಿ ಬಾಡಿಗೆ ಕೊಡುತ್ತಿದ್ದೇವೆಂದು ನನ್ನ ಹೆಂಡತಿಯ ದೃಢವಾದ ನಂಬಿಕೆ. ಜೂನ್ ಕೊನೆಯ ಒಂದು ರಾತ್ರಿ ಪಕ್ಕದ ಸೊಸೈಟಿಯ ಗೋಡೆಯ ಮೇಲೆ ಚಿರತೆಯೊಂದು ನಡೆದುಹೋಯಿತು. ಕ್ಯಾಮರಾದಲ್ಲಿ ಸಿಕ್ಕಿಬಿದ್ದ ಆ ಹನ್ನೆರಡು ಸೆಕೆಂಡಿನ ಚಿತ್ರ ಬೆಳಗಾಗುವುದರೊಳಗೆ ಎಲ್ಲರ ಮೊಬೈಲಿಗೂ ಬಂತು. ಕಾವಲುಗಾರ 'ಬಿಬಟ್ಯಾ, ಬಿಬಟ್ಯಾ' ಎಂದು ಪ್ರತಿ ಮಹಡಿಯಲ್ಲಿಯೂ ಒಂದೊಂದು ಸಲ ಕಥೆ ಹೇಳಿ, ಪ್ರತಿ ಮಹಡಿಯಲ್ಲಿಯೂ ಒಂದೊಂದು ಲೋಟ ಚಹಾ ಕುಡಿದ. ಎಂಟು ವರ್ಷದ ನನ್ನ ಮಗಳು ಅದನ್ನು ಹತ್ತಾರು ಸಲ ನೋಡಿ, ಕೊನೆಗೆ ಅಜ್ಜಿಗೆ ತೋರಿಸಿದಳು.

ಅಮ್ಮ ಅವರೆಕಾಳು ಸುಲಿಯುತ್ತಿದ್ದಳು. ಕನ್ನಡಕ ಏರಿಸಿಕೊಂಡು ನೋಡಿದಳು. "ಚಿರತೆ" ಎಂದಳು. ಮತ್ತೆ ಕಾಳಿಗೆ ಕೈ ಹಾಕಿದಳು.

ಮಗಳಿಗೆ ಅವಮಾನವಾಯಿತು. "ಹೆದರಿಕೆ ಆಗಲ್ವಾ ಅಜ್ಜಿ?"

"ನಮ್ಮನೆಗೆ ಅದು ಎರಡು ಸಲ ಬಂದಿತ್ತು ಪುಟ್ಟಿ. ನಲವತ್ತಾರು ವರ್ಷದಲ್ಲಿ ಎರಡೇ ಸಲ. ಅಷ್ಟು ಅಪರೂಪಕ್ಕೆ ಬರೋ ನೆಂಟರಿಗೆ ಎಂಥಾ ಹೆದರೋದು?"

ನಾನು ಲೋಕಲ್ಲಿಗೆ ಹೊರಟವನು ಬಾಗಿಲಲ್ಲಿಯೇ ನಿಂತೆ. ಚಿರತೆಯ ಮಾತು ಕೇಳಿ ನಿಂತದ್ದಲ್ಲ. ಅಮ್ಮ ಇಷ್ಟುದ್ದದ ಮಾತನ್ನು ಆಡಿದ್ದು ಎಷ್ಟೋ ತಿಂಗಳ ಮೇಲೆ.

ಅಮ್ಮನ ವಿಷಯ ಎರಡು ಮಾತು ಹೇಳಬೇಕು. ನಮ್ಮ ಊರು ಕೊಪ್ಪ ತಾಲೂಕಿನಲ್ಲಿ, ಬಸ್ಸಿನಿಂದ ಇಳಿದು ಎರಡು ಮೈಲಿ ನಡೆಯಬೇಕಾದ ಒಂಟಿಮನೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ, ಪಕ್ಕದಲ್ಲಿ ಹಳ್ಳ. ಅಪ್ಪ ಹೋದಮೇಲೆ ಅಲ್ಲಿ ಅವಳೊಬ್ಬಳನ್ನೇ ಬಿಡಲಾಗದೆ ಮೂರು ವರ್ಷದ ಹಿಂದೆ ಕರೆತಂದೆ. ಮೊದಮೊದಲು ಎಲ್ಲ ಕೇಳುತ್ತಿದ್ದಳು: ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ, ಎದುರುಮನೆಯವರು ನಮ್ಮ ಮನೆಗೆ ಏಕೆ ಬರುವುದಿಲ್ಲ. ಆಮೇಲೆ ಪ್ರಶ್ನೆಗಳು ನಿಂತವು. ಊಟ, ಜಪ, ಮೊಮ್ಮಗಳ ಜಡೆ, ನಿದ್ರೆ. ಹೀಗೆ ಮಾತು ಬತ್ತಿದ ಮುದುಕರು ನಮ್ಮ ಸಂಘದ ಬಹಳ ಮಂದಿ ಸದಸ್ಯರ ಮನೆಗಳಲ್ಲಿ ಇದ್ದಾರೆ, ನಾನು ವಿವರಿಸಬೇಕಾಗಿಲ್ಲ. ಡಾಕ್ಟರರು ರಕ್ತ ಪರೀಕ್ಷಿಸಿ ಎಲ್ಲ ಸರಿಯಾಗಿದೆ ಎಂದರು.

ಚಿರತೆಯ ಹೆಸರಿನಿಂದ ಬಾಯಿ ಬಂದದ್ದನ್ನು ಕಂಡು, ಆ ಬಾಯಿ ಮುಚ್ಚುವ ಮೊದಲೇ ಕಾಡು ತೋರಿಸಿಬಿಡೋಣವೆಂದು ಮುಂದಿನ ಭಾನುವಾರ ಎಲ್ಲರೂ ಉದ್ಯಾನಕ್ಕೆ ಹೋದೆವು. ಕಾನ್ಹೇರಿ ಗುಹೆಗಳವರೆಗೆ ವಾಹನ, ಅಲ್ಲಿಂದ ಮೆಟ್ಟಿಲು. ರಾತ್ರಿಯೆಲ್ಲ ಮಳೆ ಬಿದ್ದು, ಬಂಡೆಗಳ ನಡುವಿನ ತೊರೆ ತುಂಬಿ ಇಳಿಯುತ್ತಿತ್ತು. ಮಗಳು ಒಂದೊಂದು ಪೊದೆಯಲ್ಲಿಯೂ ಚಿರತೆ ಹುಡುಕುತ್ತಿದ್ದಳು. ಅಮ್ಮ ಒಂದು ಬಂಡೆಯ ಮೇಲೆ ಸೆರಗು ಹಾಸಿ ಕುಳಿತಳು.

ತೊರೆಯ ಆಚೆಯ ಕತ್ತಲೆಯಿಂದ ಯಾರೋ ಸಿಳ್ಳೆ ಹಾಕಿದರು. ಕೆಲಸವಿಲ್ಲದ ಹುಡುಗ ದಾರಿಯಲ್ಲಿ ಹೋಗುತ್ತ ಅರ್ಧ ಹಾಡು ಹಾಕಿ, ಮರೆತು, ಮತ್ತೆ ಬೇರೆ ಕಡೆಯಿಂದ ಎತ್ತಿಕೊಂಡ ಹಾಗೆ. ನೀರಿನ ಆರ್ಭಟದ ಮೇಲೆಯೂ ಅದು ಸ್ಪಷ್ಟವಾಗಿ ಕೇಳಿತು. ಅಮ್ಮ ಎದ್ದು ನಿಂತಳು. ಮಂಡಿ ನೋವಿನವಳು, ಯಾರ ಕೈಯನ್ನೂ ಹಿಡಿಯದೆ ಎದ್ದಳು.

"ಇದು ಇಲ್ಲೂ ಉಂಟೇನೋ?" ಎಂದಳು. "ಮೂರು ವರ್ಷದಿಂದ ಹೇಳಲೇ ಇಲ್ಲವಲ್ಲೋ ನೀನು!"

ಹೇಳುವುದೆಲ್ಲಿಂದ ಬಂತು? ನನಗೇ ಗೊತ್ತಿರಲಿಲ್ಲ. ಊರಿನಲ್ಲಿ ನಾವು ಸಿಳ್ಳೆ ಹಕ್ಕಿ ಎನ್ನುತ್ತಿದ್ದೆವು. ಪಕ್ಷಿಗಳ ಪುಸ್ತಕಗಳಲ್ಲಿ ಸಿಳ್ಳಾರ ಎಂಬ ಹೆಸರಿದೆ. ಇಂಗ್ಲಿಷರು ಇದರ ಸ್ವರ ಕೇಳಿ 'ವಿಸ್ಲಿಂಗ್ ಸ್ಕೂಲ್‌ಬಾಯ್' ಎಂದು ಅಡ್ಡಹೆಸರಿಟ್ಟರು. ನಮ್ಮವರ ಕಥೆಯೊಂದಿದೆ: ಹಳ್ಳದ ದಡದಲ್ಲಿ ಮಲಗಿದ್ದ ಹುಡುಗನೊಬ್ಬ ಕೃಷ್ಣನ ಕೊಳಲನ್ನು ಕದ್ದು, ಆ ತಪ್ಪಿಗೆ ಹಕ್ಕಿಯಾದನಂತೆ. ಕದ್ದ ಕೊಳಲು, ಕಲಿಯದ ರಾಗ. ಅದಕ್ಕೇ ಪಲ್ಲವಿ ಮುಗಿಯುವುದೇ ಇಲ್ಲ.

ಸಹ್ಯಾದ್ರಿಯುದ್ದಕ್ಕೂ ಹಳ್ಳಕೊಳ್ಳಗಳ ಪಕ್ಕದಲ್ಲಿ ಇದರ ವಾಸ. ನೋಡುವುದಕ್ಕೆ ಕಪ್ಪು, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಹಣೆಯ ಮೇಲೆ, ಹೆಗಲ ಮೇಲೆ ನೀಲಿ ಹೊಳೆಯುತ್ತದೆ. ಕೊಕ್ಕಿನಿಂದ ಬಾಲದವರೆಗೆ ಹತ್ತು ಅಂಗುಲ. ಹುಳು, ಏಡಿ, ಎರೆಹುಳು, ಕಪ್ಪೆ, ಹಣ್ಣು ಎಲ್ಲವೂ ಆಗುತ್ತದೆ. ತೂಕ ನೂರು ಗ್ರಾಮಿಗೆ ತುಸು ಮೇಲೆ. ಬಲಿತ ಗಂಡು ಚಿರತೆ ಐವತ್ತು ಅರವತ್ತು ಕಿಲೋ ತೂಗಬಹುದು. ಗುಮಾಸ್ತನ ಚಟ, ಲೆಕ್ಕ ಹಾಕಿದೆ: ಒಂದು ಚಿರತೆಗೆ ಸುಮಾರು ಐನೂರು ಸಿಳ್ಳಾರ.

ಆ ದಿನ ಬಂಡೆಯ ಮೇಲೆ ಅಮ್ಮ ಒಂದು ಕಥೆ ಹೇಳಿದಳು. ನನ್ನ ಮೂವತ್ತೇಳು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ.

ಹತ್ತೊಂಬತ್ತು ವರ್ಷಕ್ಕೆ ಅವಳು ಬಯಲುಸೀಮೆಯಿಂದ ಸೊಸೆಯಾಗಿ ನಮ್ಮ ಮನೆಗೆ ಬಂದಳು. ಬಂದ ವರ್ಷದ ಮಳೆಗಾಲ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲುಮನೆಯ ಹಂಡೆಗೆ ಬೆಂಕಿ ಹಾಕುವುದು ಹೊಸ ಸೊಸೆಯ ಕೆಲಸ. ಹೊರಗೆ ಕಗ್ಗತ್ತಲೆ. ಹಳ್ಳದ ಕಡೆಯಿಂದ ಯಾವನೋ ಹುಡುಗ ಸಿಳ್ಳೆ ಹಾಕಿದ. ಮರುದಿನವೂ ಹಾಕಿದ. ಅವಳು ಬಾಗಿಲು ತೆರೆಯುವುದನ್ನೇ ಕಾದಿದ್ದವನಂತೆ ನಾಲ್ಕು ದಿನ ಹಾಕಿದ. ಗಂಡನಿಗೆ ಹೇಳಲು ಹೆದರಿಕೆ, ಹೇಳದಿರಲೂ ಹೆದರಿಕೆ. ಐದನೆಯ ದಿನ ಅತ್ತೆಯ ಮುಂದೆ ಅತ್ತುಬಿಟ್ಟಳು. ನನ್ನ ಅಜ್ಜಿ ಬಲು ಬಿಗಿ ಹೆಂಗಸು. ನಕ್ಕದ್ದನ್ನು ನಾನು ಕಂಡದ್ದು ಕಡಮೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೊಸೆಯ ಕೈ ಹಿಡಿದು ಕರೆದುಕೊಂಡು ಹೋಗಿ, ಬಚ್ಚಲುಮನೆಯ ತೊಲೆಯ ಮೇಲೆ ಪಾಚಿ, ಬೇರು, ಮಣ್ಣಿನ ಗೂಡು ತೋರಿಸಿದಳಂತೆ. "ಇಗೋ, ನಿನ್ನ ಪೋಲಿ ಹುಡುಗ!"

"ಆಮೇಲೆ ಅದೊಂದು ಅಭ್ಯಾಸ ಆಯ್ತು" ಎಂದಳು ಅಮ್ಮ. "ನಿಮ್ಮಪ್ಪ ಏಳೋದು ಆರಕ್ಕೆ. ನೀವು ಏಳೋದು ನಾನು ನಾಲ್ಕು ಸಲ ಕೂಗಿದ ಮೇಲೆ. ಆ ಮನೆಯಲ್ಲಿ ನಾನು ಎದ್ದದ್ದು ಯಾವಾಗ ಅಂತ ಗೊತ್ತಿದ್ದ ಜೀವ ಅದೊಂದೇ ಕಣೋ."

ನಾನು ತೊರೆಯನ್ನು ನೋಡುತ್ತ ಕುಳಿತೆ. ಏನು ಹೇಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದಮೇಲೆ ಮತ್ತೊಂದು ಲೆಕ್ಕ ಹಾಕಿದೆ. ಈ ಹಕ್ಕಿ ವರ್ಷವಿಡೀ ಹಾಡುವುದಿಲ್ಲ. ಮಳೆಗಾಲ ಇದರ ಸಂಸಾರದ ಕಾಲ, ಹಾಡಿನ ಕಾಲ. ವರ್ಷಕ್ಕೆ ೧೨೦ ದಿನ ಎಂದು ಹಿಡಿದರೂ ೪೬ ವರ್ಷಕ್ಕೆ ೫,೫೨೦ ಬೆಳಗುಗಳು. ಒಂದೇ ಹಕ್ಕಿಯಲ್ಲ, ಮಗ ಮೊಮ್ಮಗ ಗಿರಿಮಗ ಎಂದು ಬದಲಾಗಿರಬೇಕು. ಆದರೆ ಗೂಡಿನ ಜಾಗ ಬದಲಾಗಲಿಲ್ಲ. ಇನ್ನು ಚಿರತೆ ಬಂದದ್ದು ಎರಡು ರಾತ್ರಿ. ಒಂದು ಸಲ, ನಾನು ಹುಟ್ಟುವ ಮೊದಲು, ಕೊಟ್ಟಿಗೆಯಿಂದ ಕರುವನ್ನು ಒಯ್ದಿತು. ಇನ್ನೊಂದು ಸಲ, ನನಗೆ ಎಂಟು ವರ್ಷವಾಗಿದ್ದಾಗ, ಜಗಲಿಯಲ್ಲಿ ಮಲಗಿದ್ದ ನಮ್ಮ ನಾಯಿ ಕಾಳನನ್ನು. ಆ ರಾತ್ರಿಯ ಪ್ರತಿಯೊಂದು ಸದ್ದೂ ನನಗೆ ಈಗಲೂ ನೆನಪಿದೆ; ಗುಡ್ಡದ ಮೇಲಿನಿಂದ ಗರಗಸ ಎಳೆದಂಥ ಕೂಗು, ಅಪ್ಪ ಲಾಟೀನು ಹಿಡಿದು ನಿಂತದ್ದು, ಬೆಳಗ್ಗೆ ಅಂಗಳದಲ್ಲಿ ಎಳೆದ ಗುರುತು. ಊರಿನ ಕಥೆ ಹೇಳು ಎಂದಾಗಲೆಲ್ಲ ಸಹೋದ್ಯೋಗಿಗಳಿಗೆ ನಾನು ಹೇಳಿದ್ದು ಕಾಳನ ಕಥೆಯನ್ನೇ. ಐದು ಸಾವಿರದ ಐನೂರಿಪ್ಪತ್ತರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಮಲಗಿದ್ದೆನಲ್ಲ!

ಹೀಗೆಂದು ಚಿರತೆಯ ಮೇಲೆ ನನಗೆ ಮುನಿಸೇನೂ ಇಲ್ಲ. ಮುಂಬಯಿಯಲ್ಲಿ ಅದರ ಮೇಲೆ ಹೊರಿಸಿದ ತಪ್ಪುಗಳಲ್ಲಿ ಕೆಲವಾದರೂ ನಮ್ಮವು. ೨೦೦೨ರಿಂದ ೨೦೦೪ರವರೆಗೆ ಈ ಕಾಡಿನ ಅಂಚಿನಲ್ಲಿ ಬಹಳ ಜೀವಗಳು ಹೋದವು. ಬೇರೆ ಕಡೆ ಹಿಡಿದ ಚಿರತೆಗಳನ್ನು ತಂದು ಇಲ್ಲಿ ಬಿಟ್ಟದ್ದೂ ಅದಕ್ಕೆ ಒಂದು ಕಾರಣವೆಂದು ಬಲ್ಲವರು ಆಮೇಲೆ ಹೇಳಿದರು. ಕಂಡದ್ದೆಲ್ಲವನ್ನೂ ಹಿಡಿದು ಸಾಗಿಸುವುದನ್ನು ಕಡಮೆ ಮಾಡಿ, ಕಸ ಚೆಲ್ಲಬೇಡಿ, ಮಕ್ಕಳನ್ನು ಕತ್ತಲೆಯಲ್ಲಿ ಒಂಟಿಯಾಗಿ ಬಿಡಬೇಡಿ ಎಂದು ಜನರಿಗೆ ತಿಳಿಹೇಳಿದ ಮೇಲೆ ಕಾಟ ಬಹುಮಟ್ಟಿಗೆ ಇಳಿಯಿತು. ಪೂರ್ತಿ ನಿಂತಿತೆಂದಲ್ಲ, ೨೦೨೧ರಲ್ಲಿ ಆರೆಯಲ್ಲಿ ಮತ್ತೆ ಕೆಲವರ ಮೇಲೆ ಬಿದ್ದಿತ್ತು. ೨೦೧೫ರಲ್ಲಿ ಕ್ಯಾಮರಾ ಇಟ್ಟು ಎಣಿಸಿದಾಗ ಉದ್ಯಾನ ಮತ್ತು ಅದರ ಸುತ್ತಮುತ್ತ ೩೫ ಚಿರತೆ ಸಿಕ್ಕವು. ೨೦೧೮ರ ಎಣಿಕೆಗೆ ೪೭. ಅವು ತಿನ್ನುವುದರಲ್ಲಿ ಸುಮಾರು ಕಾಲುಭಾಗ ಬೀದಿನಾಯಿಗಳೇ ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ಕಾಳ ನೆನಪಾದ.

ಕಾಡಿನೊಳಗಿನ ಪಾಡಾಗಳಲ್ಲಿರುವ ವಾರಲಿ ಜನ 'ವಾಘೋಬಾ' ಎಂದು ಈ ಜಾತಿಯನ್ನೇ ದೇವರು ಮಾಡಿಕೊಂಡಿದ್ದಾರೆ. ದೀಪಾವಳಿಯ ಸಮೀಪ ಅವನಿಗೆ ಪೂಜೆಯುಂಟು. ನಮ್ಮ ಮಲೆನಾಡಿನಲ್ಲಿಯೂ ಹುಲಿದೇವರ ಬನಗಳಿವೆ. ಹೆದರಿಸಿದವನಿಗೆ ಕಲ್ಲು, ಕುಂಕುಮ, ತೆಂಗಿನಕಾಯಿ. ಸರಕಾರದ ೧೯೭೨ರ ವನ್ಯಜೀವಿ ಕಾಯಿದೆಯಲ್ಲಿಯೂ ಚಿರತೆಗೆ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ. ಕಚೇರಿಯಲ್ಲಿಯೂ ಹಾಗೆಯೇ: ವರ್ಷಕ್ಕೊಮ್ಮೆ ಬಂದು ಗದರುವ ದೊಡ್ಡ ಸಾಹೇಬರಿಗೆ ಹಾರ, ದಿನವೂ ಬಾಗಿಲು ತೆರೆಯುವ ಜವಾನನ ಹೆಸರು ಕೇಳಿದರೆ ಅರ್ಧ ಮಂದಿಗೆ ಗೊತ್ತಿಲ್ಲ. ಇರಲಿ, ಇದು ಬೇರೆ ಪ್ರಕರಣ.

ಜುಲೈ ಕೊನೆಗೆ ಊರಿನಿಂದ ಸೋದರಮಾವನ ಫೋನು ಬಂತು. ಮನೆಯ ಬಾಗಿಲು ತೆರೆದು ಗಾಳಿಯಾಡಿಸಲು ಹೋಗಿದ್ದರಂತೆ. ಜಗಲಿಯಲ್ಲಿ ಚಿರತೆ ಮಲಗಿ ಎದ್ದುಹೋದ ಗುರುತಿದೆ. "ಮನೆಯಲ್ಲಿ ದೀಪ ಇಲ್ಲ ಅಂದಮೇಲೆ ಅದು ಬರದೆ ಇನ್ನೇನು? ಮಾರಿಬಿಡು ಮಾರಾಯ. ಪಕ್ಕದ ತೋಟದವರು ಕೇಳ್ತಾ ಇದ್ದಾರೆ."

ಮಾರುವ ಮಾತು ಹೊಸದಲ್ಲ. ತೋಟಕ್ಕೆ ಹಳದಿ ಎಲೆ ರೋಗ ಬಂದು ಅರ್ಧಕ್ಕರ್ಧ ಮರ ಸತ್ತಿವೆ. ಕೊಪ್ಪ ಶೃಂಗೇರಿಯ ಕಡೆಯವರಿಗೆ ಇದು ಹೇಳಿ ತಿಳಿಸಬೇಕಾದ ಕಷ್ಟವಲ್ಲ. ಅಪ್ಪನ ಕಾಯಿಲೆಯ ಸಾಲ ಇನ್ನೂ ನನ್ನ ಸಂಬಳದಲ್ಲಿ ಮುರಿಯುತ್ತಿದೆ. ಶಿವಮೊಗ್ಗದ ಅಕ್ಕ ಒಪ್ಪಿ ಎರಡು ವರ್ಷವಾಯಿತು. ಒಪ್ಪಬೇಕಾದವಳು ಅಮ್ಮ. ಆ ರಾತ್ರಿ ಊಟವಾದ ಮೇಲೆ ಹೇಳಿದೆ. ಚಿರತೆಯ ವಿಷಯವನ್ನು ತುಸು ಜೋರಾಗಿಯೇ ಹೇಳಿದೆನೆಂದು ಒಪ್ಪಿಕೊಳ್ಳುತ್ತೇನೆ.

ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬಚ್ಚಲುಮನೆಯಲ್ಲಿ ಗೂಡು ಉಂಟೋ ಕೇಳಿದೆಯಾ?"

ಮಾವನಿಗೆ ಫೋನು ಮಾಡಿ ಕೇಳಿದೆ. "ಗೂಡೇ? ಅದನ್ನು ಯಾರು ನೋಡುತ್ತಾರೆ!" ಎಂದರು. ನ್ಯಾಯವೇ. ಚಿರತೆಯ ಹೆಜ್ಜೆಯನ್ನು ಬಗ್ಗಿ ಅಳೆದವರು ತಲೆಯೆತ್ತಿ ತೊಲೆ ನೋಡಿರಲಿಲ್ಲ.

ನಾಲ್ಕು ದಿನದ ರಜೆ ಹಾಕಿ ಮತ್ಸ್ಯಗಂಧ ಹತ್ತಿದೆ. ರಜೆಯ ಅರ್ಜಿಯಲ್ಲಿ 'ಆಸ್ತಿಯ ತುರ್ತು ಪರಿಶೀಲನೆ' ಎಂದು ಬರೆದೆ, ಸುಳ್ಳಲ್ಲ. ಉಡುಪಿಯಲ್ಲಿ ಇಳಿದು, ಆಗುಂಬೆ ಘಾಟಿ ಹತ್ತಿ, ಮಳೆಯಲ್ಲಿ ತೊಯ್ದು ಮನೆ ಸೇರುವಾಗ ಸಂಜೆ. ಮಾವ ಬರುತ್ತೇನೆಂದರೂ ಬೇಡವೆಂದು ರಾತ್ರಿ ಒಬ್ಬನೇ ಉಳಿದೆ. ಧೈರ್ಯದಿಂದಲ್ಲ, ಮಾವ ಬಂದರೆ ರಾತ್ರಿಯೆಲ್ಲ ಮಾತಾಡಿ ಬೆಳಗ್ಗೆ ತಡವಾಗಿ ಎದ್ದೇವೆಂದು. ಜಗಲಿಯ ಮೂಲೆಯಲ್ಲಿ ಒಣಗಿದ ಕೆಸರಿನ ಗುಂಡನೆಯ ಗುರುತುಗಳಿದ್ದವು. ನನ್ನ ಅಂಗೈ ಇಟ್ಟು ನೋಡಿದೆ. ಕಾಳ ಮಲಗುತ್ತಿದ್ದ ಮೂಲೆಯೇ ಅದು. ಬಾಗಿಲಿಗೆ ಎರಡು ಅಗುಳಿ ಹಾಕಿದೆ, ಒನಕೆಯನ್ನೂ ಆನಿಸಿ ಇಟ್ಟೆ. ನಿದ್ದೆ ಬರಲಿಲ್ಲ. ಚಿರತೆಯೂ ಬರಲಿಲ್ಲ.

ನಾಲ್ಕೂವರೆಗೆ ಎದ್ದು ಬ್ಯಾಟರಿ ಹಿಡಿದು ಬಚ್ಚಲುಮನೆಗೆ ಹೋದೆ. ಹಂಡೆಯ ತಳದಲ್ಲಿ ಮಳೆನೀರು. ತೊಲೆಯ ಮೇಲೆ ಗೂಡಿತ್ತು. ಅಂಚಿನ ಪಾಚಿ ಹಸಿಯಾಗಿತ್ತು. ಬೆಳಕು ಬೀಳುತ್ತಲೇ ಮೂರು ಹಳದಿ ಬಾಯಿಗಳು ತೆರೆದವು. ತಕ್ಷಣ ಬ್ಯಾಟರಿ ಆರಿಸಿ ಹೊರಗೆ ಬಂದು ಹಂಡೆಯ ಒಲೆಯ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಅಮ್ಮ ಕೂರುತ್ತಿದ್ದ ಕಲ್ಲು ಅದು. ನಡುವೆ ಸವೆದು ತಗ್ಗಾಗಿದೆ. ಹಳ್ಳದ ಕಡೆಯಿಂದ ಸಿಳ್ಳೆ ಶುರುವಾಯಿತು. ಮೊಬೈಲು ತೆರೆದು ಹಿಡಿದೆ. ಕತ್ತಲೆ ತಿಳಿಯಾಗುವವರೆಗೂ, ಕೈ ಮರಗಟ್ಟುವವರೆಗೂ ಹಿಡಿದಿದ್ದೆ.

ಅದೇ ದಿನ ಕೊಪ್ಪದಲ್ಲಿ ವಕೀಲರ ಮುಂದೆ ಕೂತೆವು. ಕೊಳ್ಳುವವರು ಒಳ್ಳೆಯವರೇ, ಆದರೆ ವ್ಯವಹಾರಸ್ಥರು. "ಚಿರತೆ ಓಡಾಡುವ ಜಾಗ. ಆಳುಗಳು ಬರಲ್ಲ ಅಂತಾರೆ" ಎಂದು ಹೇಳಿ ಎರಡು ಲಕ್ಷ ಇಳಿಸಿದರು. ಇಳಿಸಿಕೊಂಡೆ. ಮುಂಬಯಿಯಲ್ಲಾದರೆ ಕಾಡು ಕಾಣುತ್ತದೆಂದು ಬಾಡಿಗೆ ಏರಿಸುತ್ತಾರೆ. ಇಲ್ಲಿ ಕಾಡು ಮನೆಗೇ ಬರುತ್ತದೆಂದು ಬೆಲೆ ಇಳಿಸುತ್ತಾರೆ. ಆಮೇಲೆ ಅವರು ಬಚ್ಚಲುಮನೆಯನ್ನು ಕೂಡಲೇ ಕೆಡವಿ ಅಡಿಕೆ ಒಣಗಿಸಲು ಅಂಗಳ ಮಾಡುವುದಾಗಿ ಹೇಳಿದರು. ನಾನು ಹಕ್ಕಿಯ ಮಾತು ತೆಗೆದೆ. ವಕೀಲರು ಕನ್ನಡಕದ ಮೇಲಿಂದ ನೋಡಿದರು. ಹದಿಮೂರು ವರ್ಷ ಸರಕಾರಿ ಭಾಷೆ ಬರೆದದ್ದು ಆ ದಿನ ಉಪಯೋಗಕ್ಕೆ ಬಂತು. ಕಾಗದ ಎಳೆದುಕೊಂಡು ನಾನೇ ಬರೆದೆ:

"ಸದರಿ ಸ್ವತ್ತಿನಲ್ಲಿರುವ ಬಚ್ಚಲುಮನೆಯ ಪೂರ್ವದ ತೊಲೆಯ ಮೇಲಿರುವ ಪಕ್ಷಿಯ ಗೂಡಿಗೆ ಹಾಗೂ ಸದರಿ ಬಚ್ಚಲುಮನೆಗೆ, ಬರುವ ದೀಪಾವಳಿಯ ಬಲಿಪಾಡ್ಯಮಿಯವರೆಗೆ, ಖರೀದಿದಾರರಾಗಲಿ ಅವರ ಕಡೆಯವರಾಗಲಿ ಯಾವುದೇ ಬಾಧೆ ಉಂಟುಮಾಡತಕ್ಕದ್ದಲ್ಲ."

"ದೀಪಾವಳಿವರೆಗೆ ಯಾಕೆ?" ಎಂದರು ಕೊಳ್ಳುವವರು. ಕೆಲವೊಮ್ಮೆ ಒಂದೇ ಮಳೆಗಾಲದಲ್ಲಿ ಎರಡನೆಯ ಸಲವೂ ಮರಿ ಮಾಡುತ್ತದೆ, ದೀಪಾವಳಿಯ ಹೊತ್ತಿಗೆ ಎಲ್ಲ ಹಾರಿರುತ್ತವೆ ಎಂದೆ. ಅವರು ನಕ್ಕು, "ಆಗಲಿ. ಚಿರತೆಗೂ ಒಂದು ಕಲಮು ಬರೆದುಬಿಡಿ, ನಮ್ಮ ಆಳುಗಳಿಗೆ ಬಾಧೆ ಮಾಡತಕ್ಕದ್ದಲ್ಲ ಅಂತ" ಎಂದು ರುಜು ಹಾಕಿದರು. ಈ ಕಲಮಿಗಾಗಿ ಬೆಲೆಯಲ್ಲಿ ಒಂದು ಕಾಸೂ ಏರಲಿಲ್ಲ, ಇಳಿಯಲೂ ಇಲ್ಲ.

ಮುಂಬಯಿಗೆ ಬಂದ ರಾತ್ರಿ ಅಮ್ಮನಿಗೆ ಕರಾರು ಓದಿ ಹೇಳಿದೆ. ಬೆಲೆ ಕೇಳಲಿಲ್ಲ. ಗೂಡಿನ ಕಲಮನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ಮೊಬೈಲನ್ನು ಅವಳ ಕಿವಿಯ ಬಳಿ ಹಿಡಿದೆ. ಮಗಳೂ ಬಂದು ತಲೆ ತೂರಿಸಿದಳು. ಮೊದಲು ಹಳ್ಳದ ಸದ್ದು, ಆಮೇಲೆ ಸಿಳ್ಳೆ. ಅಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಅತ್ತಾಳೆಂದು ನಾನು ಸಿದ್ಧನಾಗಿ ಕುಳಿತಿದ್ದೆ.

"ಹಂಡೆಗೆ ಬೆಂಕಿ ಹಾಕಲಿಲ್ಲವೇನೋ?" ಎಂದಳು.

"ಇಲ್ಲಮ್ಮ. ಹೊಗೆಯಿಂದ ಮರಿಗಳಿಗೆ ತೊಂದರೆ ಆದೀತು ಅಂತ."

"ನಲವತ್ತಾರು ವರ್ಷ ನನ್ನ ಹೊಗೆಯಲ್ಲೇ ಬೆಳೆದ ಸಂಸಾರ ಅದು. ಬೆಂಕಿ ಕಾಣದೆ ಯಾರೂ ಇಲ್ಲ ಅಂದ್ಕೊಂಡಿರುತ್ತೆ, ಪಾಪ" ಎಂದು ನನ್ನನ್ನೇ ಬೈದಳು. ಬೈಗುಳ ಅಲ್ಲಿಗೆ ನಿಲ್ಲದೆ, ಒದ್ದೆ ಬಟ್ಟೆಯಲ್ಲಿ ಮಲಗಿದ್ದಕ್ಕೆ, ಮಾವನನ್ನು ಬರಬೇಡವೆಂದದ್ದಕ್ಕೆ, ಹಿತ್ತಲಿನ ಕೆಸುವಿನ ಸೊಪ್ಪು ತರದೆ ಬರಿಗೈಯಲ್ಲಿ ಬಂದದ್ದಕ್ಕೆ ಎಲ್ಲ ಮುಂದುವರಿಯಿತು. ನನ್ನ ಹೆಂಡತಿ ಅಡಿಗೆಮನೆಯಿಂದ ಇಣುಕಿ ನೋಡಿದಳು. ಅಷ್ಟು ಬೈಗುಳವನ್ನು ನಮ್ಮ ಮನೆ ಮೂರು ವರ್ಷದಲ್ಲಿ ಕೇಳಿರಲಿಲ್ಲ.

ದೀಪಾವಳಿ ಕಳೆದ ವಾರ ಮಾವನ ಫೋನು ಬಂತು. ಕೊಳ್ಳುವವರು ಮಾತಿಗೆ ತಪ್ಪಲಿಲ್ಲ. ಪಾಡ್ಯದವರೆಗೆ ಆ ಕಡೆ ತಲೆ ಹಾಕಲಿಲ್ಲ. ಪಾಡ್ಯದ ನಾಲ್ಕನೆಯ ದಿನ ಕೆಡವಿದರು. ಗೂಡು ಬರಿದಾಗಿತ್ತಂತೆ. ಹಂಡೆಯನ್ನು ಮಾವ ತಮ್ಮ ಮನೆಗೆ ತಂದಿಟ್ಟುಕೊಂಡಿದ್ದಾರೆ. ಇದನ್ನು ನಾನು ಅಮ್ಮನಿಗೆ ಹೇಳಿಲ್ಲ, ಅವಳೂ ಕೇಳಿಲ್ಲ. ಭಾನುವಾರಗಳಲ್ಲಿ ಮಂಡಿ ಹಿಡಿಯದಿದ್ದರೆ ಮೊಮ್ಮಗಳೊಂದಿಗೆ ಉದ್ಯಾನದ ಬಾಗಿಲವರೆಗೆ ಹೋಗಿಬರುತ್ತಾಳೆ. ಒಬ್ಬಳು ಚಿರತೆಗೆ, ಒಬ್ಬಳು ಹಕ್ಕಿಗೆ. ಇಬ್ಬರಿಗೂ ಈವರೆಗೆ ಏನೂ ಕಂಡಿಲ್ಲ.

ಈ ಪತ್ರಿಕೆಯನ್ನು ಅಮ್ಮ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುತ್ತಾಳೆ. ಬಚ್ಚಲುಮನೆಯ ಸುದ್ದಿ ಅವಳಿಗೆ ಇಲ್ಲಿಯೇ ತಿಳಿಯಲಿ ಎಂದುಕೊಂಡಿದ್ದೇನೆ. ಎದುರಿಗೆ ಕುಳಿತು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.